ಸೋಮವಾರದ ಬೂದಿನೀರು

ಕೊಟ್ಟೂರಿನಲ್ಲಿ ನಮ್ಮ ಸೋದರತ್ತೆಯ ಖಾನಾವಳಿಗೆ ಬಂದವರು ಕೂತ ಕೂಡಲೇ "ಹರವಿ ನೀರು ಕೊಡ್ರಿ" ಎನ್ನುತ್ತಿದ್ದರು. ರೊಟ್ಟಿ, ಪಲ್ಯದ ಮಾತು ಆಮೇಲೆ. ಬಾಗಿಲಿನ ಎಡಕ್ಕೆ, ನೀಲಿ ಬಣ್ಣ ಬಳಿದ ಗೋಡೆಗೆ ತಾಗಿದ ಕಲ್ಲಿನ ಕಟ್ಟೆಯ ಮೇಲೆ ಮೂರು ಮಣ್ಣಿನ ಹರವಿಗಳಿದ್ದವು. ತಳಕ್ಕೆ ತೊಯ್ದ ಮರಳು, ಹೊಟ್ಟೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಿಗೆ ಹಿತ್ತಾಳೆಯ ತಟ್ಟೆ. ಹರಪನಹಳ್ಳಿ ಕಡೆಯಿಂದ ಬಸ್ಸಿಳಿದವರು ಊಟದ ಹೊತ್ತಲ್ಲದಿದ್ದರೂ ಒಳಗೆ ಬಂದು, ನಿಂತೇ ಒಂದು ಲೋಟ ಕುಡಿದು, ಅತ್ತೆಗೆ ತಲೆಯಾಡಿಸಿ ಹೋಗುತ್ತಿದ್ದರು.

ನನ್ನೂರು ಚಿಗಟೇರಿ. ಪದವಿಯ ಮೂರು ವರ್ಷ ನಾನು ಅತ್ತೆಯ ಮನೆಯಲ್ಲಿದ್ದು ಓದಿದೆ. ಖಾನಾವಳಿಯ ಹಿಂದೆಯೇ ಮನೆ. ಸಾಮಾನು ತರುವುದು, ಹೊರಗಿನ ಓಡಾಟ ಮಾವನದು. ಒಲೆ, ನೀರು, ಮಾತು ಅತ್ತೆಯದು. ನಾನು ಹೆಚ್ಚು ಮಾತಾಡುವವಳಲ್ಲ. ಬಡಿಸಲು ಅವಳು ನನ್ನನ್ನು ಯಾವತ್ತೂ ಕರೆಯಲಿಲ್ಲ. ಅದರ ಬದಲು ಸೋಮವಾರದ ಕೆಲಸ ಕೊಟ್ಟಿದ್ದಳು.

ಸೋಮವಾರ ಮಧ್ಯಾಹ್ನದವರೆಗೆ ಖಾನಾವಳಿ ಮುಚ್ಚಿರುತ್ತಿತ್ತು. ಬೆಳಿಗ್ಗೆ ಹರವಿಗಳನ್ನು ಬರಿದು ಮಾಡಿ ಹಿತ್ತಲಿಗೆ ತರುತ್ತಿದ್ದೆವು. ರೊಟ್ಟಿ ಒಲೆಯ ಬೂದಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ತೆಂಗಿನ ನಾರಿನಿಂದ ಒಳಮೈಯನ್ನೆಲ್ಲ ತಿಕ್ಕಿ, ಎರಡು ನೀರು ಹಾಕಿ ತೊಳೆಯಬೇಕು. ಕೊನೆಗೆ ಒಂದು ತಂಬಿಗೆ ನೀರಿಗೆ ಒಂದು ಹಿಡಿ ಬೂದಿ ಕದಡಿ, ಹರವಿಯೊಳಗೆ ಸುತ್ತಲೂ ಆಡಿಸಿ ಚೆಲ್ಲಬೇಕು. ಈ ಕೊನೆಯ ಬೂದಿನೀರನ್ನು ಮತ್ತೆ ತೊಳೆಯುವಂತಿಲ್ಲ. ಹಾಗೆಯೇ ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆ ವಿಭೂತಿ ಹಚ್ಚಿ ನೀರು ತುಂಬುವುದು. "ಬೂದಿ ಹಿಡಿದ ಮೈಗೆ ಲೋಳಿ ಹಿಡಿಯಂಗಿಲ್ಲ" ಎನ್ನುತ್ತಿದ್ದಳು ಅತ್ತೆ. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ.

ಮೂರು ವರ್ಷ ಪ್ರತಿ ಸೋಮವಾರ ಈ ಕೆಲಸವನ್ನು ನಾನು ನನ್ನ ಕೈಯಾರೆ ಮಾಡಿದ್ದೇನೆ. ಉಗುರಿನ ಸಂದಿಯ ಬೂದಿ ಮಂಗಳವಾರದ ಪ್ರಾಕ್ಟಿಕಲ್ಲಿನವರೆಗೂ ಹೋಗುತ್ತಿರಲಿಲ್ಲ. ಮುಂದೆ ಹೇಳುವ ವಿಷಯದಲ್ಲಿ "ನನಗೆ ಗೊತ್ತಿರಲಿಲ್ಲ" ಎನ್ನುವ ದಾರಿ ನನಗಿಲ್ಲವೆಂದು ತಿಳಿಯಲಿ ಎಂದೇ ಇದನ್ನು ಮೊದಲು ಬರೆದಿದ್ದೇನೆ.

ಎಂ.ಎಸ್ಸಿ. ಆದ ಮೇಲೆ ನಾನು ಸಂಶೋಧನೆಗೆ ಸೇರಿದೆ. ವಿಷಯವನ್ನು ಮನೆಯವರಿಗೆ ಹೇಳುವಾಗ "ಲೋಳೆ" ಎಂದೇ ಹೇಳುತ್ತಿದ್ದೆ. ಬ್ಯಾಕ್ಟೀರಿಯಾಗಳು ನೀರಿನಲ್ಲಿ ಒಂಟಿಯಾಗಿ ತೇಲುವುದಕ್ಕಿಂತ ಯಾವುದಾದರೂ ಗೋಡೆಗೆ ಅಂಟಿಕೊಂಡು, ತಮ್ಮ ಸುತ್ತ ತಾವೇ ಲೋಳೆ ಕಟ್ಟಿಕೊಂಡು ಒಟ್ಟಾಗಿ ಬದುಕುತ್ತವೆ. ಇದು ಬಯೋಫಿಲ್ಮ್. ನಾಲ್ಕು ದಿನ ತೊಳೆಯದ ಬಕೆಟ್ಟಿನ ಒಳಮೈಗೆ ಬೆರಳು ಸವರಿದರೆ ಸಿಗುವ ಜಾರಿಕೆ ಅದೇ. ಒಂಟಿ ಬ್ಯಾಕ್ಟೀರಿಯಾವನ್ನು ಸುಲಭವಾಗಿ ಕೊಲ್ಲುವ ಔಷಧಿ ಈ ಲೋಳೆಯ ಒಳಗಿರುವುದನ್ನು ಅಷ್ಟು ಸುಲಭವಾಗಿ ಕೊಲ್ಲುವುದಿಲ್ಲ. ಯಾಕೆ, ಔಷಧಿ ಲೋಳೆಯೊಳಗೆ ಹೋದಾಗ ಏನಾಗುತ್ತದೆ ಎಂಬುದನ್ನು ನಾನು ಇನ್‌ಫ್ರಾರೆಡ್ ಯಂತ್ರದಲ್ಲಿ ನೋಡುತ್ತಿದ್ದೆ.

ನೋಡುವ ಬಗೆ ಹೀಗೆ: ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಹರಳಿನ ಮೇಲೆ ಆ ಲೋಳೆಯ ಪೊರೆಯನ್ನು ಇಡುತ್ತೇವೆ. ಹರಳಿನ ಒಳಗಿನಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಾಯಿಸುತ್ತೇವೆ. ಬೆಳಕು ಹರಳಿಗೆ ತಾಗಿರುವ ತೀರ ತೆಳುವಾದ ಪದರವನ್ನಷ್ಟೇ ಮುಟ್ಟಿ ವಾಪಸಾಗುತ್ತದೆ. ಎಲ್ಲಿ ಎಷ್ಟು ಬೆಳಕು ಹೀರಿಹೋಯಿತು ಎಂಬುದನ್ನು ಯಂತ್ರ ಒಂದು ಗೆರೆಯಾಗಿ ಬರೆಯುತ್ತದೆ. ಬ್ಯಾಕ್ಟೀರಿಯಾಗಳ ಮೈಯ ಪ್ರೋಟೀನು ಇದ್ದರೆ ಗೆರೆಯ ಒಂದು ಕಡೆ ಎರಡು ಗುಡ್ಡ ಏಳುತ್ತವೆ. ಲೋಳೆಯ ಸಕ್ಕರೆ ಸರಪಳಿಗಳಿದ್ದರೆ, ಗೆರೆಯ ಕೆಳಗೆ ಎಡದಿಂದ ಬಲಕ್ಕೆ ಇಳಿಯುತ್ತ ಹೋಗುವ ಅಂಕಿಗಳಲ್ಲಿ ಸಾವಿರದ ಆಸುಪಾಸಿಗೆ ಒಂದು ಅಗಲವಾದ ಗುಡ್ಡ. ಪೊರೆಯ ಮೇಲೆ ಕ್ಲೋರಿನ್ ನೀರು ಹರಿಸುತ್ತ ಯಾವ ಗುಡ್ಡ ಕುಸಿಯಿತು, ಯಾವುದು ನಿಂತಿತು ಎಂದು ನೋಡುತ್ತ ಕೂರುವುದು ನನ್ನ ಕೆಲಸ. ಯಂತ್ರದ ಮುಚ್ಚಳ ತೆಗೆಯುವಾಗ ನಾವು ಉಸಿರು ಹಿಡಿಯುತ್ತೇವೆ. ಉಸಿರು ಬಿಟ್ಟರೆ ಅದೂ ಗೆರೆಯಲ್ಲಿ ಮೂಡುತ್ತದೆ. ಯಾರೂ ಮಾತಾಡಬೇಕಾಗಿಲ್ಲದ ಈ ಕೆಲಸ ನನಗೆ ಒಗ್ಗಿತ್ತು.

ಪ್ರಯೋಗಾಲಯದಲ್ಲಿ ಬೆಳೆಸಿದ ಪೊರೆಗಳ ಕೆಲಸ ಮುಗಿದ ಮೇಲೆ ನಮ್ಮ ಗೈಡ್ ಮೇಡಂ ಹೇಳಿದರು: "ಜನ ನಿಜವಾಗಿ ಕುಡಿಯುವ ನೀರಿನ ಪಾತ್ರೆಗಳಿಂದಲೂ ಒಂದು ಅಧ್ಯಾಯ ಮಾಡು. ನಿನ್ನ ಕಡೆಯ ತಾಲ್ಲೂಕುಗಳನ್ನೇ ತಗೋ. ನಿನಗೆ ಅಲ್ಲಿ ಬಾಗಿಲು ತೆರೀತಾರೆ."

ಕೂಡ್ಲಿಗಿಯ ಒಂದು ಶಾಲೆಯ ಸಿಮೆಂಟು ತೊಟ್ಟಿ, ಹಗರಿಬೊಮ್ಮನಹಳ್ಳಿಯ ಒಂದು ಹೋಟೆಲಿನ ಪ್ಲಾಸ್ಟಿಕ್ ಬ್ಯಾರೆಲ್, ಹಡಗಲಿಯ ಒಂದು ಹಾಸ್ಟೆಲ್ಲಿನ ಸ್ಟೀಲ್ ಡ್ರಮ್ಮು, ಹರಪನಹಳ್ಳಿಯ ಒಂದು ಕಚೇರಿಯ ಫಿಲ್ಟರು. ಕೊಟ್ಟೂರಿನಲ್ಲಿ ಅತ್ತೆಯ ಹರವಿ. ಉಳಿದ ಕಡೆ ಪತ್ರ ತೋರಿಸಿ, ಸಹಿ ಹಾಕಿಸಿಕೊಂಡು, ಯಾವುದಕ್ಕೆ ಬಳಸುತ್ತೇನೆ ಎಂದು ವಿವರಿಸಿದೆ. ಅತ್ತೆಗೆ ಫೋನು ಮಾಡಿ "ಸೋಮವಾರ ಬರ್ತೀನಿ, ಹರವಿಯೊಳಗಿಂದ ಒಂಚೂರು ಕೆರಕೊಂಡು ಹೋಗ್ತೀನಿ" ಎಂದೆ, ಅಷ್ಟೆ. ಸೋಮವಾರ ಯಾಕೆಂದರೆ ಅವತ್ತು ಹರವಿಗಳು ಖಾಲಿ ಇರುತ್ತವೆ. ನೀರು ತುಂಬಿದ ಹರವಿಯೊಳಗೆ ಕೈ ಹಾಕಿ ಕೆರೆಯುವ ಕಷ್ಟವಿರುವುದಿಲ್ಲ.

ನಾನು ಹೋದಾಗ ಮೂರೂ ಹಿತ್ತಲಿನಲ್ಲಿ ಬೋರಲಾಗಿದ್ದವು. ಅತ್ತೆಯ ಮುಂಗೈವರೆಗೆ ಬೂದಿ ಬಣ್ಣ.

"ನೀ ಬರ್ತಿ ಅಂತ ಇವತ್ತ ಎರಡು ಸಲ ಬೂದಿ ಹಾಕಿ ತಿಕ್ಕೀನಿ. ಬೂದಿನೀರೂ ದಪ್ಪಗ ಆಡಿಸೀನಿ. ನಮ್ಮ ಹರವಿ ನೋಡಿ ನಿಮ್ಮ ಮೇಡಂ ಒಂದು ಮಾತು ಅನ್ನಬಾರದು" ಎಂದಳು.

ನಾನು ಕೈಗವಸು ಹಾಕಿಕೊಂಡು, ಪೊಟ್ಟಣದಿಂದ ಬ್ಲೇಡು ತೆಗೆದು, ಹರವಿಯ ಒಳಮೈಯನ್ನು ಕೆರೆದು ಸಣ್ಣ ಶೀಶೆಗೆ ಹಾಕಿಕೊಂಡೆ. ರೊಟ್ಟಿ ಬಡಿಯುವ ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೋಗಳಿಯಿಂದ ಮದುವೆಯಾಗಿ ಬಂದವಳು. ಎಲ್ಲರೂ ಕೋಗಳಿಯಾಕೆ ಎಂದೇ ಕರೆಯುತ್ತಿದ್ದರು.

"ಹರವಿ ಹೊಟ್ಟಿ ಕೆರಕೊಂಡು ಹೋಗಾಕ ಇಷ್ಟು ವರ್ಷ ಓದಬೇಕೇನಬೇ? ಹೇಳಿದ್ರ ನಾನ ಕೆರದು ಬಸ್ಸಿಗೆ ಹಾಕಿ ಕಳಿಸ್ತಿದ್ದೆ."

"ಸುಮ್ನಿರಲೇ" ಎಂದಳು ಅತ್ತೆ, "ನಮ್ಮ ಹರವಿ ಓದಿಗೆ ಹೊಂಟೈತಿ. ನಿನ್ನ ರೊಟ್ಟಿ ಹೋಗ್ತಾವೇನು?"

ನೋಟ್‌ಬುಕ್ಕಿನಲ್ಲಿ ನಾನು ದಿನಾಂಕ, ಸಮಯ, ಪಾತ್ರೆ ಯಾವುದರದ್ದು, ನೀರು ಎಲ್ಲಿಯದು ಎಲ್ಲವನ್ನೂ ಬರೆದೆ. 'ಸ್ವಚ್ಛ ಮಾಡುವ ವಿಧಾನ' ಎಂಬ ಕಾಲಮ್ಮು ಇತ್ತು, ನಾನೇ ಗೆರೆ ಎಳೆದದ್ದು. ಅದರಲ್ಲಿ 'ಮಾಮೂಲು' ಎಂದು ಬರೆದೆ. ಹಡಗಲಿಯ ಡ್ರಮ್ಮಿಗೆ ಯಾವ ಸೋಪು, ವಾರಕ್ಕೆ ಎಷ್ಟು ಸಲ ಎಂದು ಕೇಳಿ ಬರೆದುಕೊಂಡವಳು ನಾನು. ಇಲ್ಲಿ ಪೆನ್ನು ಒಂದು ಕ್ಷಣ ನಿಂತದ್ದು ನೆನಪಿದೆ. ಆ ನೋಟ್‌ಬುಕ್ಕನ್ನು ಮೇಡಂ ನೋಡುತ್ತಾರೆ, ಜೊತೆಯ ವಿದ್ಯಾರ್ಥಿಗಳು ನೋಡುತ್ತಾರೆ. ಅದರಲ್ಲಿ 'ಒಲೆಯ ಬೂದಿ' ಎಂದು ಬರೆಯಲು ನನಗೆ ನಾಚಿಕೆಯಾಯಿತು.

ಫಲಿತಾಂಶದಲ್ಲಿ ಅತ್ತೆಯ ಹರವಿ ಎಲ್ಲಕ್ಕಿಂತ ಕೆಟ್ಟದಾಗಿ ಬಂತು. ಪ್ರೋಟೀನಿನ ಗುಡ್ಡಗಳು ಸಣ್ಣವು. ಆದರೆ ಸಾವಿರದ ಹತ್ತಿರದ ಅಗಲವಾದ ಗುಡ್ಡ ಬೇರೆ ಯಾವ ಪಾತ್ರೆಯಲ್ಲೂ ಕಾಣದಷ್ಟು ಎತ್ತರ. ಕ್ಲೋರಿನ್ ನೀರು ಹರಿಸಿದಾಗ ಹಡಗಲಿಯ ಡ್ರಮ್ಮಿನದು ಕುಸಿಯಿತು, ಹೋಟೆಲಿನ ಬ್ಯಾರೆಲಿನದು ಅರ್ಧಕ್ಕಿಳಿಯಿತು. ಹರವಿಯದು ಅಲುಗಾಡಲಿಲ್ಲ. ಕ್ಲೋರಿನ್ ಹೆಚ್ಚಿಸಿದೆ. ಆಗಲೂ ಇಲ್ಲ. ನನಗೆ ಖುಷಿಯಾಯಿತು. ಇದನ್ನು ಬರೆಯುವುದು ಕಷ್ಟ, ಆದರೆ ಆಯಿತು. ಯಾವ ಔಷಧಿಗೂ ಜಗ್ಗದ ಲೋಳೆ ಎಂದರೆ ಒಂದು ಪ್ರಬಂಧ. ಅದು ಅತ್ತೆಯ ಹರವಿ ಎಂಬುದು ಆ ಹೊತ್ತಿಗೆ ಮನಸ್ಸಿನಲ್ಲಿರಲಿಲ್ಲ. ನನ್ನ ಮಾದರಿಗಳ ಪಟ್ಟಿಯಲ್ಲಿ ಅದು 'ಕೆ-3' ಆಗಿತ್ತು.

ಆಮೇಲೆ ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಿಂದ ಕರೆ ಬಂತು. ನಮ್ಮ ಭಾಗದ ಹುಡುಗಿ, ಕನ್ನಡದಲ್ಲಿ ವಿಜ್ಞಾನ ಹೇಳುತ್ತಾಳೆ ಎಂದು. ನನಗೆ ಸಭೆ ಎಂದರೆ ಹೆದರಿಕೆ. ಗೆರೆಗಳನ್ನಷ್ಟೇ ತೋರಿಸಿದರೆ ಮಕ್ಕಳು ತೂಕಡಿಸುತ್ತಾರೆ ಎಂದು ಯಾರೋ ಹೇಳಿದ್ದರಿಂದ ಮಧ್ಯೆ ಫೋಟೋಗಳನ್ನು ಸೇರಿಸಿದೆ. ಕೆ-3ಕ್ಕೆ ನನ್ನ ಫೋನಿನಲ್ಲಿದ್ದ ಒಂದು ಹಳೆಯ ಫೋಟೋ ಹಾಕಿದೆ. ನೀಲಿ ಗೋಡೆ, ಕಲ್ಲಿನ ಕಟ್ಟೆ, ಮೂರು ಹರವಿ. ಹೆಸರು ಎಲ್ಲೂ ಇರಲಿಲ್ಲ. ಹೆಸರಿಲ್ಲದಿದ್ದರೆ ಸಾಕು ಎಂದುಕೊಂಡಿದ್ದೆ.

ಹಾಲ್ ತುಂಬಿತ್ತು. ನನ್ನ ದನಿ ನನಗೇ ಗಟ್ಟಿಯಾಗಿ ಕೇಳತೊಡಗಿದ್ದು ಆ ಫೋಟೋ ಬಂದಾಗ. "ಹೊರಗಿನಿಂದ ಎಷ್ಟು ಸ್ವಚ್ಛ ಕಾಣುತ್ತದೆ ನೋಡಿ" ಎಂದೆ. ಮುಂದಿನ ಸ್ಲೈಡಿನಲ್ಲಿ ಎತ್ತರದ ಗುಡ್ಡ. "ಒಳಗೆ ಇರುವುದು ಇದು. ಕ್ಲೋರಿನ್ನಿಗೂ ಜಗ್ಗುವುದಿಲ್ಲ." ಎರಡನೇ ಸಾಲಿನಲ್ಲಿ ಯಾರೋ "ಅಯ್ಯಯ್ಯ, ಇದು ಕೊಟ್ಟೂರಾಗಿಂದಲ್ಲೇನಲೇ" ಎಂದದ್ದು ಕೇಳಿಸಿತು. ನಗು ಹರಡಿತು. ಹಲವರು ಫೋನು ಎತ್ತಿ ಫೋಟೋ ತೆಗೆದುಕೊಂಡರು. ಚಪ್ಪಾಳೆ ಬಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಎರಡನೇ ಸಾಲಿನ ಆ ಮಾತನ್ನು ನಾನು ಮರೆಯಲು ಪ್ರಯತ್ನಿಸಿದೆ. ಸುಮಾರಾಗಿ ಮರೆತೆ.

ಅತ್ತೆ ಫೋನು ಮಾಡಲಿಲ್ಲ. ಅವಳು ವಾರಕ್ಕೊಮ್ಮೆ ಮಾಡುವವಳು. ಎರಡು ವಾರ ಕಳೆದ ಮೇಲೆ ನಾನೇ ಮಾಡಿದೆ. ಆರಾಮ ಇದ್ದೀವಿ, ನೀ ಹೆಂಗಿದ್ದಿ, ಉಂಡ್ಯಾ ಎಂದಳು. ಅಷ್ಟೇ ಮಾತು.

ಊರಿಗೆ ಬಂದಾಗ ಕೊಟ್ಟೂರಿನಲ್ಲಿ ಇಳಿದು ಖಾನಾವಳಿಗೆ ಹೋದೆ. ಕಟ್ಟೆಯ ಮೇಲೆ ನೀಲಿ ಪ್ಲಾಸ್ಟಿಕ್ಕಿನ ನೀರಿನ ಕ್ಯಾನು ತಲೆಕೆಳಗಾಗಿ ಕೂತಿತ್ತು. ಅದರ ಕೆಳಗೆ, ಕಲ್ಲಿನ ಮೇಲೆ, ಹರವಿಗಳಿದ್ದ ಜಾಗದಲ್ಲಿ ಮೂರು ದುಂಡನೆಯ ಗುರುತು. ಮೂಲೆಯ ಮೇಜಿನಲ್ಲಿ ಹೈಸ್ಕೂಲಿನ ಮಾಸ್ತರೊಬ್ಬರು ಉಣ್ಣುತ್ತಿದ್ದರು. ನಾನು ಓದುವಾಗಿನಿಂದ ಅವರು ಅಲ್ಲೇ ಉಣ್ಣುವವರು, ಊಟಕ್ಕೆ ಮೊದಲು ಎರಡು ಲೋಟ ಹರವಿ ನೀರು ಕುಡಿಯುವವರು. ಅವರ ಕಾಲಿನ ಹತ್ತಿರ, ಮೇಜಿನ ಕೆಳಗೆ, ಒಂದು ಸ್ಟೀಲಿನ ಬಾಟಲಿ ಇತ್ತು. ಅತ್ತೆ ಒಳಗೆ ಹೋದಾಗ ಅದನ್ನೆತ್ತಿ ಎರಡು ಗುಟುಕು ಕುಡಿದು ಮತ್ತೆ ಕೆಳಗಿಟ್ಟರು. ಕ್ಯಾನು ಬಂದಿದ್ದರೂ ಅವರ ಅನುಮಾನ ಹೋಗಿರಲಿಲ್ಲ. ಅತ್ತೆಗೆ ಬೇಸರವಾಗಬಾರದೆಂದು ಅವರು ಬಾಟಲಿಯನ್ನು ಬಚ್ಚಿಡುತ್ತಿದ್ದರು. ಅದು ಅತ್ತೆಗೆ ಗೊತ್ತಿತ್ತು ಎಂದು ಅವಳು ಬಾಗಿಲಲ್ಲಿ ಒಂದು ಕ್ಷಣ ನಿಂತು ಆಮೇಲೆ ಹೊರಗೆ ಬಂದ ರೀತಿಯಿಂದ ನನಗೆ ತಿಳಿಯಿತು.

ಕೋಗಳಿಯಾಕೆ ಮಾತ್ರ ರೊಟ್ಟಿ ಬಡಿಯುತ್ತಲೇ ಅಂದಳು: "ಬಂದ್ಲಪಾ ನಮ್ಮ ಡಾಕ್ಟ್ರು. ತವಾನೂ ಕೆರಕೊಂಡು ಹೋಗವ್ವ, ಅದರಾಗ ಏನ ಅದಾವೋ."

ಅತ್ತೆ ಅವಳನ್ನು ಗದರಿಸಲಿಲ್ಲ. ನನಗೆ ತಾಟು ಹಾಕಿದಳು, ರೊಟ್ಟಿಯ ಮೇಲೆ ಎಂದಿನಂತೆ ಬೆಣ್ಣೆ ಇಟ್ಟಳು. ನಾನು ಉಂಡೆ. ಫೋಟೋದ ಬಗ್ಗೆ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆವಾಗಲೂ ನನ್ನೊಳಗೆ ಒಂದು ಸಮಾಧಾನ ಇತ್ತು: ನೋವಾಗಿದೆ, ಆದರೆ ನಾನು ಹೇಳಿದ್ದು ನಿಜ.

ಆ ಸಮಾಧಾನವೂ ಉಳಿಯಲಿಲ್ಲ. ಪ್ರಬಂಧ ಕಳಿಸುವ ಮೊದಲು ಮೇಡಂ ನನ್ನ ಚಿತ್ರಗಳನ್ನು ನೋಡುತ್ತ ಕೇಳಿದರು: "ಗೆರೆಯನ್ನು ಒಂಬೈನೂರಕ್ಕೇ ಯಾಕೆ ಕತ್ತರಿಸಿದೀಯ?"

"ಅದರಾಚೆ ನಮಗೆ ಬೇಕಾದ್ದು ಏನಿಲ್ಲ ಮೇಡಂ. ಚಿತ್ರ ಚೆನ್ನಾಗಿ ಕಾಣಲಿ ಅಂತ."

"ಪೂರ್ತಿ ಹಾಕು."

ಒಬ್ಬಳೇ ಕೂತು ಪೂರ್ತಿ ಗೆರೆಯನ್ನು ತೆರೆದೆ. ಒಂಬೈನೂರರ ಆಚೆ, ಎಂಟುನೂರ ಎಪ್ಪತ್ತೈದರ ಹತ್ತಿರ ಸೂಜಿಯಂತೆ ಚೂಪಾದ ಒಂದು ಗುರುತು. ಇನ್ನೂ ಮುಂದೆ, ಎಂಟುನೂರಕ್ಕಿಂತ ಸ್ವಲ್ಪ ಕೆಳಗೆ, ಪಕ್ಕಪಕ್ಕದಲ್ಲಿ ಎರಡು ಹಲ್ಲು. ಎಂ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿಯೂ ಗುರುತಿಸುತ್ತಾನೆ. ಮೊದಲನೆಯದು ಸುಣ್ಣದ ಅಂಶ. ಆ ಎರಡು ಹಲ್ಲು ಮರಳಿನಲ್ಲಿರುವ ಸಿಲಿಕಾ. ಸಿಲಿಕಾ ಇದ್ದರೆ ಅದರ ದೊಡ್ಡ ಗುಡ್ಡ ಏಳುವುದು ಸಾವಿರದ ಆಸುಪಾಸಿನಲ್ಲಿ, ನಾನು ಲೋಳೆಯ ಸಕ್ಕರೆ ಎಂದು ಬರೆದ ಜಾಗದಲ್ಲೇ. ಸುಣ್ಣ, ಸಿಲಿಕಾ ಎರಡೂ ಒಟ್ಟಿಗೆ ಸಿಗುವುದು ಬೂದಿಯಲ್ಲಿ. ಕ್ಲೋರಿನ್ನಿಗೆ ಅದು ಜಗ್ಗಲಿಲ್ಲ, ಸರಿ. ಬೂದಿಯನ್ನು ಕ್ಲೋರಿನ್ ಏನು ಕೊಂದೀತು?

ಅತ್ತೆ ನನಗಾಗಿ ಎರಡು ಸಲ ತಿಕ್ಕಿ, ದಪ್ಪಗೆ ಆಡಿಸಿದ ಬೂದಿನೀರು ಅದು. ಅವಳು ತೊಳೆದಿದ್ದಳು ಎಂಬುದಕ್ಕೆ ಇದ್ದ ಸಾಕ್ಷಿಯನ್ನೇ ನಾನು ಹಾಲ್ ತುಂಬ ಜನರಿಗೆ ಕೊಳೆ ಎಂದು ತೋರಿಸಿದ್ದೆ. ನೋಟ್‌ಬುಕ್ಕು ತೆಗೆದು 'ಮಾಮೂಲು' ಎಂಬ ಪದವನ್ನು ನೋಡಿದೆ. ಒಂದೇ ಒಂದು ಪದ, ಬೂದಿ ಎಂದು ಅಲ್ಲಿ ಬರೆದಿದ್ದರೆ ಮೇಡಂ ಮೊದಲ ದಿನವೇ ಕೇಳುತ್ತಿದ್ದರು.

ಅನುಮಾನ ಖಚಿತವಾಗಲು ಆ ಒಲೆಯದೇ ಬೂದಿ ಬೇಕಿತ್ತು. ಸೋಮವಾರ ಬೆಳಿಗ್ಗೆ ಹೋದೆ. ಹಿತ್ತಲಿನಲ್ಲಿ ಒಂದೇ ಹರವಿ ಉಳಿದಿತ್ತು. ಉಳಿದೆರಡನ್ನು ಅತ್ತೆ ಯಾರಿಗೋ ಕೊಟ್ಟಿದ್ದಳು. ಈ ಒಂದರ ನೀರನ್ನು ಅವಳೂ ಕೋಗಳಿಯಾಕೆಯೂ ಕುಡಿಯುತ್ತಿದ್ದರು.

"ಅತ್ತಿ, ಒಂದು ಹಿಡಿ ಬೂದಿ ಬೇಕಿತ್ತು."

"ಬೂದಿ? ಯಾಕ, ಅದರಾಗೂ ಹುಳ ಅದಾವಂತ ತೋರಸ್ತಿ ಏನು?"

ಅವಳು ಆ ವಿಷಯ ಎತ್ತಿದ್ದು ಅದೇ ಮೊದಲು. ನಾನು ಅಲ್ಲೇ ಹೇಳಬೇಕಿತ್ತು. ಇನ್ನೂ ಖಚಿತವಾಗಿಲ್ಲ, ಅಳತೆ ಮಾಡಿಯೇ ಹೇಳೋಣ ಎಂದುಕೊಂಡೆ. ಅದನ್ನು ಎಚ್ಚರಿಕೆ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದು ಪುಕ್ಕಲುತನ. ಅವಳು ಬೂದಿಯನ್ನು ಸೋಸಿ, ಕಾಗದದಲ್ಲಿ ಮಡಚಿ ಕೊಟ್ಟಳು. ಸೋಸದೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಬೂದಿಯ ಗೆರೆ ಮತ್ತು ಹರವಿಯ ಗೆರೆ ಒಂದರ ಮೇಲೊಂದು ಕೂತವು. ಮೇಡಂ ಗದರಲಿಲ್ಲ. "ಈ ಮಾದರಿಯನ್ನು ಬಿಟ್ಟುಬಿಡು, ಅಡಿಟಿಪ್ಪಣಿಯಲ್ಲಿ ಕಾರಣ ಬರಿ" ಎಂದರು. ಬರೆದೆ. ಕೆ-3ರಲ್ಲಿ ತೊಳೆಯಲು ಬಳಸಿದ ಬೂದಿಯ ಅಂಶ ಸೇರಿದ್ದರಿಂದ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು. ಇಂಗ್ಲಿಷಿನಲ್ಲಿ ಎರಡು ಸಾಲು.

ಅದನ್ನು ಮುದ್ರಿಸಿಕೊಂಡು ಕೊಟ್ಟೂರಿಗೆ ಹೋದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಅತ್ತೆ ಕಡಲೆಬೀಜ ಹಸನು ಮಾಡುತ್ತ ಕೂತಿದ್ದಳು. ಎದುರಿಗೆ ಕೂತು ಹೇಳಿದೆ. ಯಂತ್ರ, ಗೆರೆ, ಗುಡ್ಡ, ನಾನು ಕತ್ತರಿಸಿದ್ದು. ಗೆರೆಗಳ ವಿವರ ಹೆಚ್ಚಾಯಿತು, ತಪ್ಪಾಯಿತು ಎನ್ನುವುದು ಕೊನೆಗೆ ಬಂತು.

ಅತ್ತೆಯ ಕೈ ನಿಂತಿತು. "ಹಂಗಾದ್ರ ನೀ ತೋರಿಸಿದ್ದು ಲೋಳಿ ಅಲ್ಲ."

"ಅಲ್ಲ ಅತ್ತಿ. ಬೂದಿ."

"ನಾ ಆಡಿಸಿದ್ದು."

"ಹೂಂ."

"ಹುಳ ಇರಲೇ ಇಲ್ಲಲಾ ಹಂಗಾರ?"

ನಾನು ಇಲ್ಲ ಎನ್ನಬಹುದಿತ್ತು. ಪ್ರೋಟೀನಿನ ಸಣ್ಣ ಗುಡ್ಡಗಳು ಕಣ್ಣ ಮುಂದೆ ಬಂದವು. "ಸ್ವಲ್ಪ ಇದ್ದವು. ಎಲ್ಲಾ ಪಾತ್ರಿಯಾಗೂ ಇರ್ತಾವ. ಎಲ್ಲಕ್ಕಿಂತ ಕಡಿಮಿ ನಿನ್ನ ಹರವಿಯಾಗೇ ಇದ್ದಂಗ ಕಾಣ್ತೈತಿ, ಆದ್ರ ಅದನ್ನೂ ಖಾತ್ರಿ ಹೇಳಾಕ ಬರಂಗಿಲ್ಲ. ತೊಳೆದ ದಿನಾನೇ ತಗೊಂಡಿದ್ನಲ್ಲ."

"ಇಲ್ಲ ಅಂತ ಒಂದು ಮಾತು ಬರಂಗಿಲ್ಲ ನಿನ್ನ ಬಾಯಾಗ?" ಎಂದಳು. ಸಿಟ್ಟಿನಿಂದಲ್ಲ, ಸೋತವರಂತೆ. "ಅವತ್ತ ಹಿಂಗ ತೂಗಿ ತೂಗಿ ಮಾತಾಡಿದ್ಯಾ, ಮಂದಿ ಮುಂದ?"

ನಾನು ಚೀಲದಿಂದ ಹಾಳೆ ತೆಗೆದು, ಅಡಿಟಿಪ್ಪಣಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಅತ್ತೆ ಕೇಳಿದಳು. ಹಾಳೆ ಇಸಿದುಕೊಂಡು ಆ ಎರಡು ಸಾಲಿನ ಮೇಲೆ ಬೆರಳಿಟ್ಟಳು.

"ಇದರಾಗ ನನ್ನ ಹೆಸರೈತೇನು?"

"ಇಲ್ಲ. ಯಾರ ಹೆಸರೂ ಹಾಕಂಗಿಲ್ಲ. ನಿಯಮ ಐತಿ."

"ಖಾನಾವಳಿ ಅಂತ?"

"ಇಲ್ಲ. ಕೆ-3 ಅಂತ ಐತಿ."

"ಹೊಲಸು ಅನ್ನೋಮುಂದ ಗ್ವಾಡಿ, ಕಟ್ಟಿ ಎಲ್ಲಾ ಕಾಣೂ ಹಂಗ ಫೋಟೋ ಹಾಕಿದ್ದಿ" ಎಂದಳು ಅತ್ತೆ. "ಹೊಲಸಲ್ಲ ಅನ್ನೋಮುಂದ ಕೆ-3."

ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟು ಮತ್ತೆ ಕಡಲೆಬೀಜಕ್ಕೆ ಕೈ ಹಾಕಿದಳು. ಒಲೆಯ ಹತ್ತಿರ ಕೋಗಳಿಯಾಕೆಯ ರೊಟ್ಟಿಯ ಸಪ್ಪಳ ನಿಂತಿತ್ತು. ಅವಳೂ ಕೇಳಿಸಿಕೊಂಡಿದ್ದಳು. ಇದಕ್ಕಿಂತ ಅವಳ ಚೇಷ್ಟೆಯೇ ವಾಸಿ ಅನ್ನಿಸಿತು.

ಆ ಕಾಲೇಜಿಗೆ ನಾನೇ ಫೋನು ಮಾಡಿ ಇನ್ನೊಮ್ಮೆ ಅರ್ಧ ಗಂಟೆ ಕೊಡಿ ಎಂದು ಕೇಳಿದೆ. ನನ್ನ ಜೀವನದಲ್ಲಿ ಮಾತಾಡಲು ನಾನಾಗಿ ಸಮಯ ಕೇಳಿದ್ದು ಅದೊಂದೇ ಸಲ. ಹೋಗುವ ಮೊದಲು ಅತ್ತೆಯನ್ನು ಕೇಳಿದೆ, ಅದೇ ಫೋಟೋ ಹಾಕಲಾ ಎಂದು. ಈ ಸಲ ಕೇಳಿದೆ. "ಹಾಕು" ಎಂದಳು. ಸ್ವಲ್ಪ ಬಿಟ್ಟು, "ಹೆಸರೂ ಹೇಳು" ಎಂದಳು.

ಮೊದಲ ಸಲದ ಹಾಲ್ ಸಿಗಲಿಲ್ಲ. ಒಂದು ತರಗತಿಯ ಕೋಣೆ, ಸುಮಾರು ಮೂವತ್ತು ಮಕ್ಕಳು. ಅವರಲ್ಲಿ ಅರ್ಧ ಜನ ಅವತ್ತು ಇರಲೇ ಇಲ್ಲ. ಅದೇ ಫೋಟೋ ಹಾಕಿದೆ. ಇದು ಯಾರ ಖಾನಾವಳಿ ಎಂದು ಹೇಳಿದೆ, ಅವರು ನನ್ನ ಸೋದರತ್ತೆ ಎಂದೂ ಹೇಳಿದೆ. ಆಮೇಲೆ ಪೂರ್ತಿ ಗೆರೆಯನ್ನು ತೋರಿಸಿ, ನಾನು ಎಲ್ಲಿ ಕತ್ತರಿಸಿದ್ದೆ, ಯಾವ ಪದವನ್ನು ಬರೆಯಲಿಲ್ಲ, ಯಾಕೆ ಬರೆಯಲಿಲ್ಲ ಎಂದು ಹೇಳಿದೆ. 'ಯಾಕೆ' ಎನ್ನುವಲ್ಲಿ ನನ್ನ ದನಿ ಸಣ್ಣದಾಯಿತು. ಹಿಂದಿನ ಬೆಂಚಿನವರಿಗೆ ಕೇಳಿಸಿತೋ ಇಲ್ಲವೋ.

ಒಬ್ಬ ಹುಡುಗಿ ಕೈ ಎತ್ತಿದಳು. "ಹಂಗಾದ್ರೆ ಆ ನೀರು ಕುಡೀಬಹುದಾ ಮೇಡಂ?"

"ನನ್ನ ಅಳತೆಯಿಂದ ಅದನ್ನು ಹೇಳಲು ಬರುವುದಿಲ್ಲ. ಅವತ್ತೂ ಬರುತ್ತಿರಲಿಲ್ಲ" ಎಂದೆ.

ಯಾರೂ ಫೋಟೋ ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ನೇರವಾಗಿ ಕೊಟ್ಟೂರಿಗೆ ಬಂದೆ. ಮಾಸ್ತರರು ಮೂಲೆಯ ಮೇಜಿನಲ್ಲಿ ಕೂತಿದ್ದರು, ಇನ್ನೂ ತಾಟು ಬಂದಿರಲಿಲ್ಲ. ಕೋಣೆಯಲ್ಲಿ ಮೂವತ್ತು ಜನರ ಮುಂದೆ ಹೇಳಿದ್ದಕ್ಕಿಂತ ಇದು ಕಷ್ಟ ಎಂದು ಅವರ ಮುಂದೆ ನಿಂತಾಗ ಗೊತ್ತಾಯಿತು. ನೋಟು, ಚಿತ್ರ ಏನೂ ಕೈಯಲ್ಲಿರಲಿಲ್ಲ.

"ಸರ್, ಹರವಿ ಬಗ್ಗೆ ನಾನು ಹೇಳಿದ್ದು ತಪ್ಪು. ಅದು ಅತ್ತಿ ತೊಳೆದ ಬೂದಿ ಆಗಿತ್ತು. ನಾನು ಲೋಳಿ ಅಂದೆ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀನೇನವ್ವ ಅದನ್ನ ಹೇಳಿದಾಕಿ? ನನಗ ಮೊಬೈಲ್‌ನಾಗ ಬಂದಿತ್ತು. ಯಾರೋ ದೊಡ್ಡ ವಿಜ್ಞಾನಿ ಹೇಳ್ಯಾರ ಅಂತ ಇತ್ತು."

"ನಾನೇ ಸರ್."

"ಆತು ಬಿಡು" ಎಂದರು. ಬಗ್ಗಿ ಕಾಲಿನ ಬಳಿಯ ಬಾಟಲಿ ತೆಗೆದು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು. ಇನ್ನು ಅದನ್ನು ಚೀಲಕ್ಕೆ ಹಾಕುತ್ತಾರೆ ಎಂದುಕೊಂಡೆ. ಅವರು ಮುಚ್ಚಳ ತಿರುಗಿಸಿ ಅದರಿಂದಲೇ ಲೋಟಕ್ಕೆ ಬಗ್ಗಿಸಿಕೊಂಡರು. "ಸಿಟ್ಟಾಗಬ್ಯಾಡ್ರವ್ವ" ಎಂದರು, ನನಗಲ್ಲ, ನನ್ನ ಹಿಂದೆ ಬಂದು ನಿಂತ ಅತ್ತೆಗೆ. "ಒಂದು ಸಲ ಮನಸಿನಾಗ ಹೊಕ್ಕಿದ್ದು ಲಗೂನ ಹೋಗಂಗಿಲ್ಲ ನೋಡ್ರಿ."

"ಉಣ್ರಿ ಮಾಸ್ತರ, ರೊಟ್ಟಿ ಆರ್ತಾವು" ಎಂದಳು ಅತ್ತೆ.

ನಾನು ಹಿತ್ತಲಿಗೆ ಹೋದೆ. ಅವತ್ತು ಸೋಮವಾರವಲ್ಲ. ಆದರೂ ಆ ಒಂದು ಹರವಿಯನ್ನು ಬರಿದು ಮಾಡಿದೆ. ಬೂದಿ ಸೋಸಿದೆ. ನಾರು ಹಿಡಿದು ಮೊಣಕೈವರೆಗೆ ಒಳಗಿಟ್ಟು ತಿಕ್ಕಿದೆ, ಎರಡು ನೀರು ಹಾಕಿದೆ. ಕೊನೆಗೆ ಒಂದು ಹಿಡಿ ಬೂದಿಯನ್ನು ತಂಬಿಗೆಯಲ್ಲಿ ಕದಡಿ ಸುತ್ತಲೂ ಆಡಿಸಿ ಚೆಲ್ಲಿದೆ. ಬೋರಲು ಹಾಕುವ ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದು ನೋಡಿದಳು.

"ಎಷ್ಟು ಮಂದಿ ಇದ್ರು?" ಎಂದು ಕೇಳಿದಳು.

"ಮೂವತ್ತು."

"ಅವತ್ತ?"

"ಹಾಲ್ ತುಂಬ."

ಅವಳು ತಲೆಯಾಡಿಸಿದಳು. ಹರವಿಯನ್ನು ಒಂದು ಗೇಣು ಸರಿಸಿ ಬಿಸಿಲಿಗೆ ಇಟ್ಟು ಒಳಗೆ ಹೋದಳು. ಹೊರಗೆ, ಕಟ್ಟೆಯ ಮೇಲೆ, ಕ್ಯಾನಿನ ಹೊಸ ನೀರು ಗುಳುಗುಳು ಎಂದು ಇಳಿಯುತ್ತಿತ್ತು.